ಹಳೆಮನೆ ಬಿಚ್ಚುವ ಗರಗಸ

— ಮಲೆನಾಡಿನ ನಮ್ಮ ಹಳೆಮನೆಯನ್ನು ಈ ಬೇಸಿಗೆಯಲ್ಲಿ ಬಿಚ್ಚಬೇಕೆಂದಿದ್ದೇವೆ. ಗೋಡೆ ಇನ್ನು ನಿಲ್ಲುವ ಸ್ಥಿತಿಯಲ್ಲಿಲ್ಲ, ಆದರೆ ಮರ ಬಹುಪಾಲು ಗಟ್ಟಿಯಾಗಿದೆ. ಬಾಗಿಲು, ಕಿಟಕಿ, ಕಂಬ, ಜಂತಿ ಎಲ್ಲವನ್ನೂ ಹೊಸ ಮನೆಗೆ ಹಾಕಿಸುವ ಆಸೆ. ಜೆಸಿಬಿಯವರು ಅರ್ಧ ದಿನದ ಕೆಲಸ ಅಂದರು. ಅದು ಬೇಡವೆಂದು ರೆಸಿಪ್ರೊಕೇಟಿಂಗ್ ಸಾ ಒಂದನ್ನು ತಂದಿದ್ದೇನೆ. ಹಿಡಿದು ಅಭ್ಯಾಸವಿಲ್ಲ. ನೀವು ಇದೇ ಕೆಲಸ ಮಾಡಿಕೊಂಡು ಬಂದವರು, ಹೇಳಿಕೊಡಬೇಕು.

— ಜೆಸಿಬಿ ಬೇಡ ಅಂದದ್ದು ಒಳ್ಳೆಯದಾಯಿತು. ಬಕೆಟ್ಟಿನ ಹಲ್ಲು ತಾಗಿದ ಜಂತಿ ಉದ್ದಕ್ಕೆ ಸೀಳುತ್ತದೆ, ಆಮೇಲೆ ಅದು ಬಚ್ಚಲ ಒಲೆಗೇ ಸೈ. ಅಷ್ಟು ವರ್ಷ ಸೂರಿನಡಿ ಒಣಗಿದ ಹೊನ್ನೆ, ಬೋಗಿ, ಹಲಸು ಈಗ ದುಡ್ಡು ಹಿಡಿದು ಹೋದರೂ ಸುಲಭಕ್ಕೆ ಸಿಗುವುದಿಲ್ಲ. ನೀವು ತಂದ ಯಂತ್ರ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಅಮೆರಿಕದ ಮಿಲ್ವಾಕೀ ಕಂಪನಿ 1951ರಲ್ಲಿ ಸಾಝಾಲ್ ಎಂಬ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಿತು. ಅಲ್ಲಿ ಈಗಲೂ ಯಾವ ಕಂಪನಿಯದಾದರೂ ಅದೇ ಹೆಸರಿನಿಂದ ಕರೆಯುತ್ತಾರೆ. ಪ್ಲಂಬರ್, ಎಲೆಕ್ಟ್ರಿಷಿಯನ್, ಮನೆ ಕೆಡವುವವರು, ಅಪಘಾತವಾದ ಕಾರಿನೊಳಗೆ ಸಿಕ್ಕಿಕೊಂಡವರನ್ನು ಬಿಡಿಸುವ ರಕ್ಷಣಾ ಸಿಬ್ಬಂದಿ, ಇವರ ಕೈಯಲ್ಲಿ ಹೆಚ್ಚಾಗಿ ಕಾಣುತ್ತದೆ. ನಯವಾದ, ಗೆರೆ ಹೊಡೆದಂಥ ಕೊಯ್ತ ಬೇಕಾದವರು ಇದನ್ನು ಮುಟ್ಟುವುದಿಲ್ಲ. ಜೋಡಿಸಿದ್ದನ್ನು ಬಿಡಿಸಬೇಕಾದಾಗ ಇದಕ್ಕೆ ಸಾಟಿಯಿಲ್ಲ.

— ಗ್ರೈಂಡರಿಗೆ ಮರ ಕೊಯ್ಯುವ ಬ್ಲೇಡ್ ಹಾಕಿಕೊಂಡು ಬರುತ್ತೇನೆ, ಬೇಗ ಮುಗಿಯುತ್ತದೆ ಎಂದು ಊರಿನವರೊಬ್ಬರು ಹೇಳುತ್ತಿದ್ದಾರೆ.

— ಕೈಮುಗಿದು ಬೇಡ ಅನ್ನಿ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಬ್ಲೇಡಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿರುತ್ತದೆ. ಅದು ಉಜ್ಜಲು, ಕಬ್ಬಿಣ ಕತ್ತರಿಸಲು ಮಾಡಿದ ಯಂತ್ರ. ಹಲ್ಲಿನ ಬ್ಲೇಡ್ ಹಾಕಿ ಮರಕ್ಕಿಟ್ಟಾಗ ಒಂದು ಹಲ್ಲು ಗಂಟಿಗೋ ಮೊಳೆಗೋ ಸಿಕ್ಕಿತೆಂದರೆ ಗ್ರೈಂಡರೇ ಕೈಯಿಂದ ಕಿತ್ತುಕೊಂಡು ಮೈಮೇಲೆ ಬರುತ್ತದೆ. ಬ್ಲೇಡಿಗೆ ಅಡ್ಡ ಬರುತ್ತದೆಂದು ಗಾರ್ಡನ್ನೂ ಬಿಚ್ಚಿಟ್ಟಿರುತ್ತಾರೆ. ತೊಡೆ, ಕುತ್ತಿಗೆ, ಮುಖ, ಯಾವುದು ಎದುರಿದ್ದರೆ ಅದು. ಈ ಮಾತನ್ನು ನಾನು ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತೇನೆ.

— ಇದು ಅಷ್ಟು ವೇಗದ್ದಲ್ಲವೇ?

— ನಿಮ್ಮ ಯಂತ್ರದ ಮೇಲೆ ಬರೆದಿದೆಯಲ್ಲ, 28 ಮಿಲಿಮೀಟರ್ ಸ್ಟ್ರೋಕ್, ನಿಮಿಷಕ್ಕೆ 2,700. ಒಂದು ಸಲ ಹೋಗಿ ಬರುವುದಕ್ಕೆ 56 ಮಿಲಿಮೀಟರ್. ಅಂದರೆ ಹಲ್ಲು ಸರಾಸರಿ ಸೆಕೆಂಡಿಗೆ ಎರಡೂವರೆ ಮೀಟರ್, ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಓಡಾಡುತ್ತದೆ. ಹಾಗೆಂದು ಸಸಾರ ಮಾಡಬೇಡಿ. ಇದರ ಅಪಾಯ ಇರುವುದು ಕಣ್ಣಿಗೆ ಕಾಣದ ಕಡೆ. ಬ್ಲೇಡಿನ ಒಂದು ತುದಿಯನ್ನು ಯಂತ್ರ ಕಚ್ಚಿಕೊಂಡಿದೆ, ಇನ್ನೊಂದು ತುದಿ ಗೋಡೆಯೊಳಗೆ, ತೊಲೆಯ ಆಚೆ ಮಗ್ಗುಲಲ್ಲಿ ಆಡುತ್ತಿದೆ. ಅಲ್ಲಿ ವೈರಿದೆಯೋ, ಪೈಪಿದೆಯೋ, ಕಲ್ಲಿದೆಯೋ, ಜಂತಿ ಹಿಡಿದುಕೊಂಡವನ ಬೆರಳಿದೆಯೋ ನಿಮಗೆ ತಿಳಿಯದು. ಅದಕ್ಕೇ ಟ್ರಿಗರ್ ಒತ್ತುವ ಮುಂಚಿನ ಕೆಲಸವೇ ಇಲ್ಲಿ ದೊಡ್ಡದು.

— ಮುಂಚಿನ ಕೆಲಸ ಅಂದರೆ ಮೊದಲು ಕರೆಂಟ್ ತೆಗೆಯುವುದು. ಮೇನ್ ಸ್ವಿಚ್ ಆರಿಸಿದರೆ ಸಾಕಲ್ಲವೇ?

— ಹಳೆಮನೆಯಲ್ಲಿ ಸಾಲದು. ಅಜ್ಜನ ಕಾಲದ್ದೊಂದು ವೈರಿಂಗ್, ಅಪ್ಪ ಕೊಟ್ಟಿಗೆಗೆ ಎಳೆಸಿದ್ದೊಂದು, ಪಂಪ್‌ಸೆಟ್ಟಿನದು ಇನ್ನೊಂದು. ಯಾವುದು ಎಲ್ಲಿಂದ ಬಂತೆಂದು ಮನೆಯವರಿಗೇ ಗೊತ್ತಿರುವುದಿಲ್ಲ. ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು ಕಂಬದಿಂದಲೇ ಸರ್ವಿಸ್ ವೈರ್ ಬಿಡಿಸಿ. ಇನ್ವರ್ಟರ್ ಇದ್ದರೆ ಅದರ ಬ್ಯಾಟರಿಯನ್ನೂ ಕಳಚಿ, ಇದನ್ನು ಮರೆಯುವವರೇ ಹೆಚ್ಚು. ಆಮೇಲೆ ಗೋಡೆಯೊಳಗಿನ ನೀರು. ಟ್ಯಾಂಕಿನ ವಾಲ್ವ್ ಮುಚ್ಚಿ ನಲ್ಲಿ ತಿರುಗಿಸಿ, ಪೈಪ್ ಖಾಲಿಯಾಗಲಿ. ನಿಮ್ಮದು ವೈರಿನ ಯಂತ್ರ, ಪಕ್ಕದ ಮನೆಯಿಂದ ಎಕ್ಸ್‌ಟೆನ್ಷನ್ ಎಳೆಯುವುದಾದರೆ ಆ ಲೈನಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿ. ಇಷ್ಟಾದ ಮೇಲೂ ಹಿಡಿಯುವುದು ಹಿಂದಿನ ಹಿಡಿ ಮತ್ತು ಮುಂದಿನ ರಬ್ಬರ್ ಹೊದಿಕೆಯನ್ನು ಮಾತ್ರ. ಮರೆತ ವೈರೊಂದಕ್ಕೆ ಬ್ಲೇಡ್ ತಾಗಿದರೆ ಮುಂದಿನ ಲೋಹದ ಭಾಗಕ್ಕೆಲ್ಲ ಕರೆಂಟ್ ಬರುತ್ತದೆ.

— ಬ್ಲೇಡಿನ ಅಂಗಡಿಯಲ್ಲಿ ತಲೆ ತಿರುಗಿತು. ಎಷ್ಟೊಂದು ಬಗೆ!

— ಎರಡು ಸಂಗತಿ ತಿಳಿದರೆ ಗೊಂದಲ ಹೋಗುತ್ತದೆ. ಒಂದು, ಇಂಚಿಗೆ ಎಷ್ಟು ಹಲ್ಲು. ಹಸಿಮರಕ್ಕೆ, ಕೊಂಬೆಗೆ ದೊಡ್ಡ ಹಲ್ಲು, ಇಂಚಿಗೆ ಐದರ ಆಸುಪಾಸು. ಮೊಳೆ ಇರುವ ಮರಕ್ಕೆ 6ರಿಂದ 10. ಬರೀ ಕಬ್ಬಿಣಕ್ಕೆ, ದಪ್ಪದ್ದಾದರೆ 10ರಿಂದ 14, ತಗಡಿನಂಥದಾದರೆ 18, 24. ಕತ್ತರಿಸುವ ವಸ್ತುವಿನೊಳಗೆ ಯಾವಾಗಲೂ ಕನಿಷ್ಠ ಮೂರು ಹಲ್ಲು ಇರಬೇಕು. ತೆಳ್ಳಗಿನ ಪಟ್ಟಿ ಎರಡು ಹಲ್ಲಿನ ನಡುವೆ ಹೋಗಿ ಕೂತರೆ ಹಲ್ಲು ಮುರಿಯುತ್ತದೆ, ಯಂತ್ರ ಒದೆಯುತ್ತದೆ. ಎರಡನೆಯದು ಬ್ಲೇಡನ್ನು ಯಾವುದರಿಂದ ಮಾಡಿದ್ದಾರೆ ಎಂಬುದು. ಬರೀ ಕಾರ್ಬನ್ ಸ್ಟೀಲಿನದು ಅಗ್ಗ, ಆದರೆ ಮೊಳೆ ತಾಗಿದರೆ ಮೊಂಡಾಯಿತು. ಬೈ-ಮೆಟಲ್ ತನ್ನಿ. ಅದರ ಬೆನ್ನು ಬಾಗುವ ಉಕ್ಕು, ಹಲ್ಲಿನ ಅಂಚು ಹೈಸ್ಪೀಡ್ ಸ್ಟೀಲ್, ಎರಡನ್ನೂ ಬೆಸೆದಿರುತ್ತಾರೆ. ಚೌಕಟ್ಟು ಮತ್ತು ಗೋಡೆಯ ಸಂದಿಯಲ್ಲಿ ಬಾಗಿಸಿ ತೂರಿಸಿದರೂ ಅದು ಮುರಿಯುವುದಿಲ್ಲ. ಬೀಡುಕಬ್ಬಿಣದ ಪೈಪು, ಗಡಸು ಸ್ಕ್ರೂ ಬಂದರೆ ಕಾರ್ಬೈಡ್ ಹಲ್ಲಿನದು ಬೇಕು. ನಿಮ್ಮ ಮನೆಗೆ ಅದರ ಅಗತ್ಯ ಬೀಳಲಿಕ್ಕಿಲ್ಲ.

— ಉದ್ದ? ನಾನು 12 ಇಂಚಿನದನ್ನೇ ತಂದೆ, ಎಲ್ಲದಕ್ಕೂ ಆಗಲಿ ಎಂದು.

— ಅದನ್ನು ದಪ್ಪ ತೊಲೆಗೆ ಇಟ್ಟುಕೊಳ್ಳಿ, ಉಳಿದದ್ದಕ್ಕೆ ಆರು ಮತ್ತು ಒಂಬತ್ತು ಇಂಚಿನದು ಸಾಕು. ಉದ್ದ ಹೆಚ್ಚಿದಷ್ಟೂ ತುದಿ ಓಲಾಡುತ್ತದೆ, ಕಾಣದ ಕಡೆ ಏನನ್ನಾದರೂ ಕೆರೆಯುತ್ತದೆ. ಕಡಿಮೆಯಾದರೆ ಇನ್ನೂ ಕಷ್ಟ. ಬ್ಲೇಡ್ ಹಿಂದೆ ಸರಿದಾಗ ತುದಿ ಮರದೊಳಗೇ ಉಳಿದರೆ, ಮುಂದೆ ಬರುವಾಗ ಅದು ಕೊಯ್ದ ಸೀಳಿನ ಕೊನೆಗೆ ಗುದ್ದುತ್ತದೆ. ಬ್ಲೇಡ್ ಬಾಗುತ್ತದೆ, ಯಂತ್ರ ನಿಮ್ಮ ಕಡೆಗೆ ಚಿಮ್ಮುತ್ತದೆ. ಹೋಗುವಾಗಲೂ ಬರುವಾಗಲೂ ತುದಿ ಮರದಿಂದ ಆಚೆಗೇ ಇರಬೇಕು. ಮರದ ದಪ್ಪದ ಮೇಲೆ ಎರಡೂವರೆ ಮೂರು ಇಂಚು ಸೇರಿಸಿ ಅಳತೆ ಹಿಡಿಯಿರಿ. ಬದಲಿಸುವಾಗ ಪ್ಲಗ್ ಕಿತ್ತಿರಬೇಕು, ಬ್ಯಾಟರಿಯದಾದರೆ ಬ್ಯಾಟರಿ ಹೊರಗಿರಬೇಕು. ಆಗಷ್ಟೇ ಕಬ್ಬಿಣ ಕೊಯ್ದ ಬ್ಲೇಡ್ ಬರಿಗೈಯಲ್ಲಿ ಹಿಡಿಯಲಾರದಷ್ಟು ಕಾದಿರುತ್ತದೆ.

— ಈ ಮುಂದಿರುವ ಕಬ್ಬಿಣದ ಪಾದ ಯಾಕೆ? ಅದು ಅತ್ತಿತ್ತ ಮಡಚುತ್ತದೆ.

— ಎಲ್ಲಕ್ಕಿಂತ ಮುಖ್ಯವಾದದ್ದೇ ಅದು. ಶೂ ಅನ್ನುತ್ತಾರೆ. ಕೊಯ್ಯುವಷ್ಟು ಹೊತ್ತೂ ಅದು ಮರಕ್ಕೆ ಬಿಗಿಯಾಗಿ ಊರಿರಬೇಕು. ನಡುವೆ ಅರ್ಧ ಇಂಚು ಸಂದು ಬಿಟ್ಟರೆ ಮೋಟಾರಿನ ಬಲವೆಲ್ಲ ಕೊಯ್ಯುವುದನ್ನು ಬಿಟ್ಟು ಮರವನ್ನೋ ನಿಮ್ಮನ್ನೋ ಜಗ್ಗಾಡಲು ಶುರುಮಾಡುತ್ತದೆ. ಹೊಸಬರು ಕೈಯಲ್ಲಿ ತೇಲಿಸಿಕೊಂಡು ಕೊಯ್ಯಲು ನೋಡುತ್ತಾರೆ, ಅದು ಡಗಡಗ ಕುಣಿಯುತ್ತದೆ, ಹೆದರಿ ಇನ್ನೂ ಹಿಂದೆ ಎಳೆಯುತ್ತಾರೆ, ಕುಣಿತ ಇನ್ನೂ ಹೆಚ್ಚುತ್ತದೆ. ಆಗ ಮಾಡಬೇಕಾದದ್ದು ಮುಂದಕ್ಕೆ ಒತ್ತುವುದು. ಶೂ ಊರಿದ ಮೇಲೆ ಟ್ರಿಗರ್ ಮೆಲ್ಲಗೆ ಒತ್ತಿ ಸಣ್ಣ ಗಾಯ ಮಾಡಿಕೊಂಡು ವೇಗ ಏರಿಸಿ. ಹಲ್ಲಿನ ಕಡೆಗೆ ಭಾರ ಹಾಕಿ ತುಳಿಯಬೇಡಿ, ಯಂತ್ರದ ತೂಕವೇ ಸಾಕು. ಕೊಯ್ತ ಮುಗಿಯುವ ಹೊತ್ತಿಗೆ ವೇಗ ಇಳಿಸಿ. ಟ್ರಿಗರ್ ಬಿಟ್ಟರೂ ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಶೂ ಎತ್ತಬೇಡಿ. ಆರ್ಬಿಟಲ್ ಗುಂಡಿ ಇದ್ದರೆ ಮರಕ್ಕೆ ಹಾಕಿ, ಕಬ್ಬಿಣಕ್ಕೆ ತೆಗೆಯಿರಿ, ವೇಗವನ್ನೂ ಅರ್ಧಕ್ಕಿಳಿಸಿ, ಒಂದು ತೊಟ್ಟು ಎಣ್ಣೆ ಬಿಡಿ.

— ನಾವು ಮೊದಲು ಬಿಡಿಸಬೇಕೆಂದಿರುವುದು ಪಡಸಾಲೆಯ ಹೆಬ್ಬಾಗಿಲಿನ ಚೌಕಟ್ಟು. ಕೆತ್ತನೆ ಇದೆ. ಅದೊಂದು ಉಳಿದರೆ ಸಾಕು ಅನ್ನಿಸಿದೆ ಮನೆಯವರಿಗೆಲ್ಲ.

— ಅದರ ಮೇಲೆ ಲಿಂಟಲ್ ಇದೆಯೇ?

— ಮರದ ಹಲಗೆ ಇರಬೇಕು. ಗಿಲಾವಿನೊಳಗೆ ಮುಚ್ಚಿಹೋಗಿದೆ.

— ಹಾಗಾದರೆ ಮೊದಲು ಗಿಲಾವು ಕೆರೆದು ಅದನ್ನು ನೋಡಿ. ಸುತ್ತಿಗೆಯಿಂದ ತಟ್ಟಿ. ಗಟ್ಟಿಮರ ಕಣಕಣ ಅನ್ನುತ್ತದೆ, ಗೆದ್ದಲು ಹೊಕ್ಕಿದ್ದು ಬೊದಬೊದ ಅನ್ನುತ್ತದೆ. ಆ ಹಲಗೆ ಗೆದ್ದಲಿಗೆ ಹೋಗಿದ್ದರೆ ಮೇಲಿನ ಗೋಡೆಯ ಭಾರವನ್ನು ನಿಮ್ಮ ಚೌಕಟ್ಟೇ ಹೊತ್ತಿದೆ ಎಂದರ್ಥ. ಅದನ್ನು ಬಿಡಿಸಿದಿರೋ, ಮಣ್ಣಿನ ಗೋಡೆ ತಲೆಯ ಮೇಲೆ. ಕ್ರಮದಲ್ಲಿ ಹೋಗುವುದಾದರೆ ಹೆಂಚು, ರೀಪು, ಪಕ್ಕಾಸು, ಜಂತಿ ಎಲ್ಲ ಇಳಿಸಿ, ಬಾಗಿಲ ಮೇಲಿನ ಗೋಡೆಯನ್ನೂ ಕೈಯಿಂದ ಇಳಿಸಿದ ಮೇಲೆ ಚೌಕಟ್ಟಿಗೆ ಬರಬೇಕು. ಮನೆಯನ್ನು ಕಟ್ಟಿದ ಕ್ರಮಕ್ಕೆ ತಿರುಗಾ ಬಿಚ್ಚುವುದು. ಪ್ರೀತಿಯ ವಸ್ತುವೆಂದು ಅದನ್ನೇ ಮೊದಲು ಕೀಳಲು ಹೋಗಬೇಡಿ.

— ಸರಿ. ಆ ಹಂತಕ್ಕೆ ಬಂದೆವೆಂದುಕೊಳ್ಳೋಣ.

— ಚೌಕಟ್ಟಿನ ಎರಡೂ ಕಡೆ ಗೋಡೆಗೆ ಹುಗಿದ ಕಬ್ಬಿಣದ ಪಟ್ಟಿಗಳಿರುತ್ತವೆ, ಹೋಲ್ಡ್‌ಫಾಸ್ಟ್. ಸಾಮಾನ್ಯವಾಗಿ ಬದಿಗೆ ಮೂರು. ಹಾರೆ ಹಾಕಿ ಮೀಟುವವರು ಈ ಪಟ್ಟಿಯಿಂದಲೇ ಮರ ಸೀಳಿಸಿಕೊಳ್ಳುವುದು. ನೀವು ಮೊದಲು ಮರ ಮತ್ತು ಗೋಡೆಯ ನಡುವಿನ ಗಾರೆಯನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ತೆಗೆಯಿರಿ. ಗಾರೆ, ಮರಳು ಇದ್ದರೆ ಗರಗಸದ ಹಲ್ಲು ಕಬ್ಬಿಣ ಮುಟ್ಟುವ ಮುಂಚೆಯೇ ಸವೆದಿರುತ್ತದೆ. ಒಂಬತ್ತಿಂಚಿನ ಬೈ-ಮೆಟಲ್ ಬ್ಲೇಡನ್ನು ಹಲ್ಲು ಕೆಳಮುಖವಾಗಿ ಹಾಕಿ, ಆ ಸಂದಿಯಲ್ಲಿ ಮೇಲಿನಿಂದ ತೂರಿಸಿ. ಶೂ ಊರುವ ಕಡೆ ಚೌಕಟ್ಟಿನ ಮುಖಕ್ಕೆ ಒಂದು ಪ್ಲೈವುಡ್ ಚೂರು ಕೊಡಿ, ಇಲ್ಲದಿದ್ದರೆ ಕೆತ್ತನೆಯ ಮೇಲೆ ಶೂವಿನ ಗುರುತು ಕೂರುತ್ತದೆ. ನಿಧಾನ ವೇಗದಲ್ಲಿ ಇಳಿಸುತ್ತಾ ಬನ್ನಿ. ಮರದ ಪುಡಿ ಬರುವವರೆಗೆ ಶಬ್ದ ಮಂದವಾಗಿರುತ್ತದೆ, ಕಬ್ಬಿಣಕ್ಕೆ ಹಲ್ಲು ಕೂತಾಗ ಕೀರಲು ದನಿ ಬರುತ್ತದೆ, ಅಂಗೈಗೆ ನಡುಕ ಬೇರೆ ಥರ ತಾಗುತ್ತದೆ. ಅಲ್ಲಿ ಅವಸರ ಮಾಡಬೇಡಿ. ಬ್ಲೇಡನ್ನು ಗೋಡೆಯ ಕಡೆಗೆ ಕೂದಲೆಳೆಯಷ್ಟು ಬಾಗಿಸಿ ಹಿಡಿದರೆ ಮರಕ್ಕೆ ಹಲ್ಲು ತಾಗುವುದಿಲ್ಲ. ಪಟ್ಟಿ ತುಂಡಾದಾಗ ದನಿ ಥಟ್ಟನೆ ಮೊದಲಿನಂತಾಗುತ್ತದೆ. ಕೊನೆಯ ಪಟ್ಟಿ ಕೊಯ್ಯುವ ಮುಂಚೆ ಚೌಕಟ್ಟನ್ನು ಎರಡೂ ಕಡೆಯಿಂದ ಪ್ರಾಪ್ ಕೊಟ್ಟು, ಹಗ್ಗ ಕಟ್ಟಿ ನಿಲ್ಲಿಸಿರಬೇಕು. ಹೊಸಿಲು ಮತ್ತು ಮೇಲ್ಪಟ್ಟಿಯ ಕೊಂಬುಗಳು ಗೋಡೆಯೊಳಗೆ ಹೋಗಿರುತ್ತವೆ, ಅವನ್ನು ಮಾತ್ರ ಕೊಯ್ಯಬೇಡಿ. ಗೋಡೆ ಬಿಡಿಸಿ ಹಾಗೆಯೇ ಹೊರತೆಗೆಯಿರಿ. ಹೊಸ ಮನೆಯಲ್ಲಿ ಕೂರಿಸುವಾಗ ಅದರ ಬೆಲೆ ತಿಳಿಯುತ್ತದೆ.

— ಜಂತಿಗೆ ಹೊಡೆದ ಮೊಳೆಗಳನ್ನೂ ಹೀಗೆಯೇ ಸಂದಿಯಲ್ಲಿ ಕೊಯ್ಯಬಹುದಲ್ಲವೇ?

— ಅದೇ ಇದರ ಹೆಚ್ಚುಗಾರಿಕೆ. ಪಕ್ಕಾಸು ಜಂತಿಯ ಮೇಲೆ ಕೂತ ಕಡೆ ಸಂದಿಗೆ ಬ್ಲೇಡ್ ಹಾಕಿದರೆ ಮೊಳೆಯಷ್ಟೇ ತುಂಡಾಗುತ್ತದೆ, ಎರಡೂ ಮರ ಹಾಗೇ ಉಳಿಯುತ್ತವೆ. ಆದರೆ ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಕೊಯ್ಯುವ ಕೆಲಸ ಬೇಡವೇ ಬೇಡ. ಅಟ್ಟಣೆ ಕಟ್ಟಿ, ಎರಡೂ ಕಾಲು ಊರಿ, ಎರಡೂ ಕೈಯಲ್ಲಿ ಹಿಡಿದು, ಭುಜಕ್ಕಿಂತ ಕೆಳಗೆ ಕೆಲಸ ಬರುವ ಹಾಗೆ ನಿಲ್ಲಿ. ಬ್ಲೇಡಿನ ಸಾಲಿನಲ್ಲಿ ನಿಮ್ಮ ಮೈ ಇರಬಾರದು, ಒಂದು ಮಗ್ಗುಲಿಗಿರಬೇಕು. ಹನ್ನೆರಡು ಅಡಿ ಉದ್ದದ, 4×6 ಇಂಚಿನ ಒಣ ತೇಗದ ಜಂತಿಯೊಂದು 35 ಕಿಲೋ ಮೀರುತ್ತದೆ, ಹೊನ್ನೆಯದಾದರೆ ಇನ್ನೂ ಹೆಚ್ಚು. ಕೊನೆಯ ಮೊಳೆ ತುಂಡಾದಾಗ ಆ ಭಾರವನ್ನು ಯಾರು ಹಿಡಿಯುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊಂಡಿರಿ. ಹಿಡಿದವನ ಕೈ ಕೊಯ್ತದಿಂದ ಒಂದು ಮಾರು ದೂರವಿರಲಿ. ಮತ್ತೆ, ಹೆಂಚಿನಡಿ ಕಡಜದ ಗೂಡಿದೆಯೇ ಬೆಳಿಗ್ಗೆಯೇ ನೋಡಿಬಿಡಿ. ಈ ಯಂತ್ರದ ನಡುಕಕ್ಕೆ ಅವು ಒಟ್ಟಿಗೆ ಏಳುತ್ತವೆ, ಅಟ್ಟಣೆಯ ಮೇಲಿದ್ದವನಿಗೆ ಓಡಲು ಜಾಗವಿರುವುದಿಲ್ಲ.

— ನಡುಕ ಅಂದಿರಿ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಅದಕ್ಕೊಂದು ಅಂಕಿ ಇದೆ. ಹಲಗೆ ಕೊಯ್ಯುವಾಗ 15, ಅಳತೆ ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಎಂದು. ಯುರೋಪಿನ 2002ರ ನಿಯಮವೊಂದಿದೆ. ಅದರಂತೆ ದಿನದ ಎಂಟು ಗಂಟೆಗೆ ಸರಾಸರಿ ಎರಡೂವರೆ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, ಐದನ್ನು ದಾಟಲೇಬಾರದು. ನಡುಕ ದುಪ್ಪಟ್ಟಾದರೆ ಹಿಡಿಯಬಹುದಾದ ಹೊತ್ತು ಕಾಲುಭಾಗಕ್ಕಿಳಿಯುತ್ತದೆ. ನಾನು ಲೆಕ್ಕ ಮಾಡಿದೆ. 15 ಇದ್ದರೆ ಎರಡೂವರೆಯ ಗಡಿ 13 ನಿಮಿಷಕ್ಕೇ ಬರುತ್ತದೆ, ಐದರ ಗಡಿ 53 ನಿಮಿಷಕ್ಕೆ. ದಿನವಿಡೀ ಕೆಲಸಕ್ಕೆ ಸಿಗುವುದು ಒಂದು ಗಂಟೆಯೂ ಅಲ್ಲ!

— ನಿಮ್ಮ ಲೆಕ್ಕ ಸರಿ. ಅದು ಟ್ರಿಗರ್ ಒತ್ತಿ ಹಿಡಿದ ಹೊತ್ತು ಮಾತ್ರ ಎಂಬುದನ್ನು ಗಮನಿಸಿ. ನಾನು ಹೇಳಿದ ಹಾಗೆ ಕೆರೆದು, ತಟ್ಟಿ, ಪ್ರಾಪ್ ಕೊಟ್ಟು, ಅಳೆದು ಮಾಡಿದರೆ ದಿನಕ್ಕೆ ಅಷ್ಟು ಹೊತ್ತು ಯಂತ್ರ ಓಡುವುದೇ ಇಲ್ಲ. ಓಡಿದರೆ ಕೈ ಬದಲಿಸಬೇಕು, ಅಂದರೆ ಇನ್ನೊಬ್ಬರಿಗೆ ಕೊಡಬೇಕು. ಸುಮ್ಮನೆ ಬರೆದ ಅಂಕಿಯಲ್ಲ ಅದು. ಈ ಕೆಲಸ ಬಹಳ ಕಾಲ ಮಾಡಿದವರ ಬೆರಳು ಮುಂಜಾನೆಯ ಚಳಿಗೆ ಸುಣ್ಣದಷ್ಟು ಬಿಳಿಯಾಗಿ ಮರಗಟ್ಟುವುದನ್ನು ಕಂಡಿದ್ದೇನೆ. ಅಂಗಿಯ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ.

— ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಸುಣ್ಣದಕಲ್ಲು ಕೆತ್ತುವವರ ಕೈಗಳನ್ನು ಪರೀಕ್ಷಿಸಿ ಇದನ್ನೇ ದಾಖಲಿಸಿದ್ದು 1918ರಲ್ಲಿ. ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆ ಹಿಡಿದವರು ಅವರು. ನಡುಕ ತಡೆಯುವ ಕೈಗವಸು ಸಿಗುತ್ತದಂತೆ, ತರಿಸಲೇ?

— ಅದನ್ನು ನೆಚ್ಚಬೇಡಿ. ಅಂಥ ಗವಸು ಸೆಕೆಂಡಿಗೆ ನೂರೈವತ್ತಕ್ಕೂ ಹೆಚ್ಚು ಸಲ ನಡುಗುವ ಸಣ್ಣ ಕಂಪನಕ್ಕೆ ಅಷ್ಟಿಷ್ಟು ಆದೀತು. ಇದು ಸೆಕೆಂಡಿಗೆ 45 ಸಲ ಬಡಿಯುವಂಥದ್ದು, ಗವಸನ್ನು ದಾಟಿಯೇ ಬರುತ್ತದೆ. ಗವಸು ಹಾಕಿ, ಆದರೆ ಗಾಯವಾಗದಿರಲಿ, ಕೈ ಬೆಚ್ಚಗಿರಲಿ ಎಂದು ಹಾಕಿ. ನಡುಕ ಕಡಿಮೆ ಮಾಡುವುದು ಮೂರೇ: ಹರಿತವಾದ ಬ್ಲೇಡ್, ಊರಿದ ಶೂ, ಕಡಿಮೆ ಹೊತ್ತು. ಸವೆದ ಬ್ಲೇಡನ್ನು ಇನ್ನೊಂದಿಷ್ಟು ಎಳೆಯೋಣ ಎಂದು ಉಳಿಸುವ ದುಡ್ಡು ಕೈಯಿಂದಲೇ ಹೋಗುತ್ತದೆ. ಕಿವಿಗೆ ಇಯರ್‌ಮಫ್, ಕಣ್ಣಿಗೆ ಬದಿ ಮುಚ್ಚಿದ ಕನ್ನಡಕ. ಇವಿಲ್ಲದೆ ಯಾರ ಕೈಗೂ ಯಂತ್ರ ಕೊಡಬೇಡಿ, ಕೂಲಿಗೆ ಬಂದವರಿಗೂ ಅಷ್ಟೇ. ಅವರದೂ ಕಣ್ಣೇ.

— ಧೂಳು?

— ಬಣ್ಣ ಬಳಿದ ಕಿಟಕಿ ಬಾಗಿಲುಗಳಿವೆಯಲ್ಲ, ಆ ಹಳೆಯ ಎನಾಮಲ್ ಪೇಂಟಿನಲ್ಲಿ ಸೀಸ ಇರುವುದು ಸಾಮಾನ್ಯ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದೆಂದು ನಮ್ಮಲ್ಲಿ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನೆಲ್ಲ ಸೀಸದ್ದೆಂದೇ ತಿಳಿಯಿರಿ. ಬಣ್ಣದ ಮೇಲೆ ಕೊಯ್ಯುವುದಾದರೆ ಒದ್ದೆ ಮಾಡಿ ಕೊಯ್ಯಿರಿ, ಎನ್95 ಮಾಸ್ಕ್ ಹಾಕಿ, ಮಕ್ಕಳನ್ನು ಆ ಅಂಗಳಕ್ಕೆ ಬಿಡಬೇಡಿ, ಹಾಕಿದ ಬಟ್ಟೆ ಬೇರೆಯಾಗಿ ಒಗೆಯಿರಿ. ಕೊಟ್ಟಿಗೆಗೆ ಆಸ್ಬೆಸ್ಟಾಸ್ ಶೀಟ್ ಹೊದಿಸಿದ್ದೀರಾ?

— ಹೌದು, ಹಿಂದಿನ ಮಾಡಿಗೆ.

— ಅದಕ್ಕೆ ಈ ಗರಗಸ ಮುಟ್ಟಿಸಲೇಬೇಡಿ. ಕೊಯ್ದರೆ ಏಳುವ ಎಳೆಗಳು ಶ್ವಾಸಕೋಶದಲ್ಲಿ ಕೂತು ದಶಕಗಳ ನಂತರ ಕ್ಯಾನ್ಸರ್ ತರಬಲ್ಲವು, ಮಾಸ್ಕ್ ಕಟ್ಟಿಕೊಂಡೆ ಎಂದು ಧೈರ್ಯ ಮಾಡುವ ವಿಷಯವಲ್ಲ. ಶೀಟಿಗೆ ನೀರು ಹೊಡೆದು, ಜೆ-ಬೋಲ್ಟಿನ ನಟ್ ಬಿಚ್ಚಿ, ಇಡಿಯಾಗಿ ಇಳಿಸಿ. ನಟ್ ತುಕ್ಕು ಹಿಡಿದಿದ್ದರೆ ಬೋಲ್ಟನ್ನು ಮಾಡಿನ ಕೆಳಗಿನಿಂದ, ಶೀಟಿಗೆ ತಾಗದ ಹಾಗೆ ಹ್ಯಾಕ್ಸಾದಲ್ಲಿ ಕೊಯ್ಯಿರಿ. ಆ ಶೀಟನ್ನು ತುಳಿದುಕೊಂಡು ಮೇಲೆ ಹೋಗುವುದೂ ಬೇಡ, ಹಳೆಯದು ಹಪ್ಪಳದಷ್ಟು ಬೇಗ ಮುರಿಯುತ್ತದೆ.

— ಅಂಗಳದ ಹಲಸಿನ ಕೊಂಬೆಯೊಂದು ಮಾಡಿನ ಮೇಲೆ ಬಾಗಿದೆ. ಅದಕ್ಕೂ ಇದೇ ಆದೀತೇ?

— ತೊಡೆಗಾತ್ರದೊಳಗಿನದಾದರೆ ಆದೀತು. ಬುಡದಿಂದ ಒಂದಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ ಇಂಚೆರಡಿಂಚು ಹೊರಗೆ ಮೇಲಿನಿಂದ ಕೊಯ್ದರೆ ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು ಆಮೇಲೆ ತೆಗೆಯಿರಿ. ಸೀಳು ಮುಚ್ಚಿಕೊಂಡು ಬ್ಲೇಡ್ ಹಿಡಿದರೆ ಜಗ್ಗಬೇಡಿ, ಪ್ಲಗ್ ಕಿತ್ತು, ಕೊಂಬೆಯನ್ನು ಎತ್ತಿ ಬಿಡಿಸಿಕೊಳ್ಳಿ. ಇಡೀ ಮರ ಕಡಿಯುವ ಯೋಚನೆ ಬಂದರೆ ಮೊದಲು ಅರಣ್ಯ ಇಲಾಖೆಗೆ ಹೋಗಿ ಕೇಳಿ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ.

— ಇಳಿಸಿದ ಜಂತಿಗಳನ್ನು ನೇರ ಸಾ ಮಿಲ್ಲಿಗೆ ಸಾಗಿಸಬಹುದಲ್ಲ?

— ಇಲ್ಲ, ಅಲ್ಲೊಂದು ಕೆಲಸ ಬಾಕಿ ಇದೆ. ನೀವು ಸಂದಿಯಲ್ಲಿ ಕೊಯ್ದ ಪ್ರತಿ ಮೊಳೆಯ ಅರ್ಧ ತುಂಡು ಮರದೊಳಗೇ ಕೂತಿದೆ, ಮೇಲ್ಮೈಗೆ ಸಮವಾಗಿ, ಧೂಳು ಕೂತರೆ ಕಾಣಿಸದ ಹಾಗೆ. ಮಿಲ್ಲಿನ ಬ್ಯಾಂಡ್ ಸಾ ಅದಕ್ಕೆ ತಾಗಿದರೆ ಬ್ಲೇಡ್ ಹೋಗುತ್ತದೆ, ತುಂಡಾದರೆ ಅಲ್ಲಿ ನಿಂತವರಿಗೆ ಅಪಾಯ. ಅದಕ್ಕೇ ಮಿಲ್ಲಿನವರು ಹಳೆಮರ ಅಂದರೆ ಮುಖ ತಿರುಗಿಸುವುದು. ಮೊಳೆ ಕೊಯ್ದ ಕೂಡಲೇ, ಮುಂದಿನದಕ್ಕೆ ಹೋಗುವ ಮುಂಚೆ, ಎರಡೂ ಮರದ ಮೇಲೆ ಸೀಮೆಸುಣ್ಣದಿಂದ ಸುತ್ತು ಹಾಕಿಬಿಡಿ. ಮರ ಇಳಿದ ಮೇಲೆ ಒಬ್ಬರು ಕೂತು, ಆ ಗುರುತಿದ್ದಲ್ಲೆಲ್ಲ ಹಿಂದಿನಿಂದ ಪಂಚ್ ಇಟ್ಟು ಹೊಡೆದೋ, ಸುತ್ತ ಉಳಿಯಿಂದ ಸ್ವಲ್ಪ ತೆಗೆದು ಇಕ್ಕಳದಲ್ಲಿ ಕಿತ್ತೋ ಮೊಳೆ ಹೊರಹಾಕಲಿ. ಕೊನೆಗೆ ಒಂದು ಗಟ್ಟಿ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ನಾಲ್ಕೂ ಮುಖದ ಮೇಲೆ ಆಡಿಸಿ ನೋಡಿ. ಕೀಳಲಾಗದ ಮೊಳೆ ಉಳಿದಿದ್ದರೆ ಕೆಂಪು ಬಣ್ಣ ಹಚ್ಚಿ, ಲಾರಿಗೆ ಹೇರುವಾಗ ಆ ಮುಖ ಮೇಲೆ ಬರಲಿ. ಮಿಲ್ಲಿನವರಿಗೆ ಬಾಯಲ್ಲೂ ಹೇಳಿ.